ಏಳೂವರೆಗೆ ಮನೆ ಸೇರಿ ಎಂಟೂಕಾಲಿಗೆ ಊಟಕ್ಕೆ ಕೂರುವ ಬಗೆ

ಪ್ರಶ್ನೆ: ನಾನು ಮತ್ತು ನನ್ನ ಪತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಮನೆ ಸೇರುವಾಗ ಸಂಜೆ ಏಳೂವರೆಯಾಗಿರುತ್ತದೆ. ಮನೆಯಲ್ಲಿ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ಅತ್ತೆ ಇದ್ದಾರೆ. ಮಕ್ಕಳಿಗೆ ಒಂಬತ್ತು ಮತ್ತು ನಾಲ್ಕು ವರ್ಷ. ನಾನು ಅಡುಗೆ ಮುಗಿಸುವಾಗ ಒಂಬತ್ತೂವರೆಯಾಗಿ ಚಿಕ್ಕ ಮಗು ಅರ್ಧ ನಿದ್ದೆಯಲ್ಲಿ ಉಣ್ಣುತ್ತದೆ. ವಾರಕ್ಕೆ ಮೂರು ದಿನ ಹೊರಗಿನಿಂದ ತರಿಸುತ್ತಿದ್ದೇವೆ, ಅದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಭಾನುವಾರವೇ ಮಾಡಿಡೋಣವೆಂದರೆ ಅತ್ತೆಯವರು ತಂಗಳು ಮುಟ್ಟುವುದಿಲ್ಲ. ನಾನು ಏನು ಮಾಡಬೇಕು? ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಕೊಂಡರೆ ಉಪಯೋಗವಾದೀತೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗೃಹವಿಜ್ಞಾನವನ್ನು ಬೋಧಿಸುತ್ತ, ಅದೇ ಹೊತ್ತಿಗೆ ಕೆಲಸ ಮುಗಿಸಿ ಬಂದು ಅಡುಗೆಮನೆ ಸೇರುತ್ತಿದ್ದ ನನ್ನ ವರ್ಷಗಳೂ ನಿಮ್ಮ ವರ್ಷಗಳಂತೆಯೇ ಇದ್ದವು. ಆಗ ನಾನೂ ಒಂದು ತಪ್ಪು ಮಾಡಿದ್ದೆ. ಭಾನುವಾರ ಇಡೀ ದಿನ ನಿಂತು ಐದು ದಿನಗಳ ಸಾರು, ಪಲ್ಯ, ಕೂಟುಗಳನ್ನು ಮಾಡಿ ಡಬ್ಬಿಗಳಲ್ಲಿ ತುಂಬಿಡುತ್ತಿದ್ದೆ. ಬುಧವಾರದ ಹೊತ್ತಿಗೆ ಅವುಗಳ ರುಚಿ ಕೆಟ್ಟು, ಮನೆಯಲ್ಲಿ ಯಾರೂ ಮನಸ್ಸಿಟ್ಟು ಉಣ್ಣುತ್ತಿರಲಿಲ್ಲ. ನನ್ನ ಏಕೈಕ ರಜೆಯೂ ಹೋಗುತ್ತಿತ್ತು. ಮಾಡಿದ ಅಡುಗೆಯನ್ನು ಕೂಡಿಡುವುದು ನಮ್ಮ ಊಟದ ಸ್ವಭಾವಕ್ಕೆ ಹೊಂದುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಕೂಡಿಡಬೇಕಾದದ್ದು ಅಡುಗೆಯ ಹಿಂದಿನ ಕೆಲಸವನ್ನು: ನೆನೆಸುವುದು, ಹುರಿಯುವುದು, ಪುಡಿ ಮಾಡುವುದು, ಹುಣಸೆ ಕಿವುಚುವುದು, ಎಲ್ಲಕ್ಕಿಂತ ಹೆಚ್ಚಾಗಿ, ಏನು ಮಾಡಬೇಕೆಂದು ತೀರ್ಮಾನಿಸುವುದು. ಒಗ್ಗರಣೆ ಮಾತ್ರ ಪ್ರತಿ ಸಂಜೆಯೂ ಹೊಸದಾಗಿಯೇ ಬೀಳಬೇಕು. ಅತ್ತೆಯವರ ಆಕ್ಷೇಪಕ್ಕೂ ಇದರಲ್ಲಿಯೇ ಉತ್ತರವಿದೆ, ಏಕೆಂದರೆ ನೆನೆಸಿದ ಕಾಳನ್ನಾಗಲಿ, ಹುರಿದಿಟ್ಟ ರವೆಯನ್ನಾಗಲಿ, ಹುಳಿಪುಡಿಯನ್ನಾಗಲಿ, ದೋಸೆ ಹಿಟ್ಟನ್ನಾಗಲಿ ಯಾವ ಹಿರಿಯರೂ ತಂಗಳೆನ್ನುವುದಿಲ್ಲ.

ಮೊದಲು ಆ ಎರಡು ಗಂಟೆ ಎಲ್ಲಿ ಹೋಗುತ್ತಿದೆ ಎಂದು ನೋಡೋಣ. ಒಂದು ಸಂಜೆ ಗಡಿಯಾರ ಹಿಡಿದು ಗಮನಿಸಿದರೆ ನಿಮಗೇ ತಿಳಿಯುತ್ತದೆ: ಒಲೆಯ ಮುಂದೆ ನಿಜವಾಗಿ ಅಡುಗೆ ಮಾಡುವ ಹೊತ್ತು ಮೂವತ್ತು ನಲವತ್ತು ನಿಮಿಷಕ್ಕಿಂತ ಹೆಚ್ಚಿರುವುದಿಲ್ಲ. ಫ್ರಿಜ್ ಬಾಗಿಲು ತೆರೆದು ನಿಂತು "ಇವತ್ತೇನು ಮಾಡಲಿ" ಎಂದು ಯೋಚಿಸುವುದರಲ್ಲಿ, ಮನೆಯವರನ್ನು ಕೇಳಿ ಬರುವುದರಲ್ಲಿ, ತರಕಾರಿ ಹೆಚ್ಚಿದ ಮೇಲೆ ಬೇಳೆಯನ್ನು ನೆನಪಿಸಿಕೊಳ್ಳುವುದರಲ್ಲಿ, ಕುಕ್ಕರಿನ ಒತ್ತಡ ಇಳಿಯಲೆಂದು ಕಾಯುವುದರಲ್ಲಿ ಉಳಿದ ಹೊತ್ತು ಹೋಗುತ್ತದೆ. ದಿನವಿಡೀ ಕಚೇರಿಯಲ್ಲಿ ತೀರ್ಮಾನಗಳನ್ನು ಮಾಡಿ ಬಂದ ಮನಸ್ಸಿಗೆ ಅತಿ ಭಾರವಾಗುವುದು ಇನ್ನೊಂದು ತೀರ್ಮಾನ. ಹೊರಗಿನಿಂದ ತರಿಸುವುದಕ್ಕೆ ಕೈ ಹೋಗುವುದು ಬಹುಪಾಲು ಆ ಕ್ಷಣದಲ್ಲಿಯೇ.

ಆದ್ದರಿಂದ ವಾರದ ಸಂಜೆಗಳಿಗೆ ಒಂದೊಂದು ಜಾತಿಯ ಅಡುಗೆಯನ್ನು ಗೊತ್ತುಪಡಿಸಿಕೊಳ್ಳಿ. ಪೂರ್ತಿ ಪಟ್ಟಿ ಬೇಡ, ಅದು ಎರಡನೇ ವಾರಕ್ಕೇ ಮುರಿದು ಬೀಳುತ್ತದೆ. ಸೋಮವಾರ ಕಾಳು, ಮಂಗಳವಾರ ಬೇಳೆ, ಬುಧವಾರ ಮತ್ತೆ ಅದೇ ಬೇಳೆಯ ಇನ್ನೊಂದು ರೂಪ, ಗುರುವಾರ ದೋಸೆ ಅಥವಾ ರೊಟ್ಟಿಯಂತಹ ತಿಂಡಿ, ಶುಕ್ರವಾರ ಚಿತ್ರಾನ್ನ, ಬಿಸಿಬೇಳೆಬಾತು ಮೊದಲಾದ ಒಂದೇ ಪಾತ್ರೆಯ ಊಟ, ಇಷ್ಟು ಸಾಕು. ಕಾಳು ಯಾವುದು, ಸೊಪ್ಪು ಯಾವುದು ಎಂಬುದನ್ನು ಆ ವಾರದ ಮಾರುಕಟ್ಟೆ ಹೇಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೊನೆ ಅವರೆ ಬಂದಾಗ ಸೋಮವಾರದ ಕಾಳು ತಾನಾಗಿಯೇ ಅವರೆಯಾಗುತ್ತದೆ.

ಈಗ ಕುಕ್ಕರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ದಿನವೂ ಬಳಸುವ ಈ ಪಾತ್ರೆಯಿಂದ ನಾವು ಪಡೆಯಬಹುದಾದ ಸಮಯದ ಅರ್ಧವನ್ನೂ ಪಡೆಯುತ್ತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100ಕ್ಕೆ ಬದಲು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯುವಷ್ಟು ಬೇಗ ಬೇಳೆ ಇಲ್ಲಿ ಬೇಯದಿರುವುದಕ್ಕೆ ಇದೂ ಒಂದು ಕಾರಣ. ಕುಕ್ಕರಿನೊಳಗೆ ಒತ್ತಡ ಏರಿದಾಗ ಅದೇ ನೀರು 120 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಸೀಟಿ ಹೆಚ್ಚು ಕೂಗಿದಷ್ಟೂ ಶಾಖ ಹೆಚ್ಚುತ್ತದೆಂಬ ನಂಬಿಕೆ ಸರಿಯಲ್ಲ. ಮೊದಲ ಸೀಟಿ ಬರುವ ಹೊತ್ತಿಗೆ ಒಳಗಿನ ಒತ್ತಡ ಪೂರ್ತಿಯಾಗಿರುತ್ತದೆ. ಅಲ್ಲಿಂದ ಉರಿ ತಗ್ಗಿಸಿ, ನೆನೆದ ತೊಗರಿಬೇಳೆಯನ್ನು ಐದಾರು ನಿಮಿಷ ಬಿಟ್ಟು, ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯುವ ಹತ್ತು ನಿಮಿಷವನ್ನು ಅದಕ್ಕೆ ಕೊಟ್ಟರೆ ಬೇಳೆ ಹೂವಿನಂತೆ ಅರಳಿರುತ್ತದೆ. ಆ ಹತ್ತು ನಿಮಿಷವೂ ಬೇಯುವ ಹೊತ್ತೇ; ಅಷ್ಟರಲ್ಲಿ ಬೇರೆ ಕೆಲಸ ಮಾಡಿಕೊಳ್ಳುವುದರಲ್ಲಿಯೇ ಜಾಣತನವಿದೆ.

ಬೇಳೆ ಬೇಯುತ್ತಿಲ್ಲ ಎಂದು ಮತ್ತೆ ಮತ್ತೆ ಸೀಟಿ ಹಾಕಿಸುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕಂಡಿದ್ದೇನೆ. ಮೊದಲನೆಯದು ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳು ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಬಿಗಿಹಿಡಿಯುತ್ತವೆ, ಆದ್ದರಿಂದ ಅದು ಕರಗಿ ಮೆತ್ತಗಾಗಲು ಬಹಳ ಹೊತ್ತು ಬೇಕಾಗುತ್ತದೆ. ಬೇಳೆಕಾಳುಗಳನ್ನು ನೆನೆಸುವುದಕ್ಕೂ ಬೇಯಿಸುವುದಕ್ಕೂ ಕುಡಿಯುವ ನೀರನ್ನು ಬಳಸಿ. ಎರಡನೆಯದು ಹುಳಿ. ಹುಣಸೆರಸವನ್ನೋ ಟೊಮೆಟೊವನ್ನೋ ಬೇಳೆಯೊಂದಿಗೇ ಕುಕ್ಕರಿಗೆ ಹಾಕಿದರೆ ಆ ಆಮ್ಲವೂ ಪೆಕ್ಟಿನ್ನನ್ನು ಗಟ್ಟಿಯಾಗಿಯೇ ಉಳಿಸುತ್ತದೆ. ಬೇಳೆ ಬೆಂದ ಮೇಲೆ ಹುಳಿ ಸೇರಿಸಬೇಕೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದರ ಹಿಂದೆ ಇರುವ ಕಾರಣ ಇದೇ. ಅಡುಗೆ ಸೋಡ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವವನ್ನು ಅದು ನಾಶಮಾಡುತ್ತದೆ. ದಿನದ ಅಡುಗೆಯಲ್ಲಿ ಅದನ್ನು ಬಳಸಬೇಡಿ.

ಬೇಳೆಯನ್ನು ಬೆಳಿಗ್ಗೆ ಹೊರಡುವ ಮುನ್ನ ತೊಳೆದು, ನೀರು ಹಾಕಿ ಫ್ರಿಜ್ಜಿನಲ್ಲಿಟ್ಟು ಹೋಗಿ. ಹೊರಗೆ ಇಟ್ಟರೆ ಬೇಸಿಗೆಯಲ್ಲಿ ಹನ್ನೆರಡು ಗಂಟೆ ಕಳೆಯುವಷ್ಟರಲ್ಲಿ ನೊರೆಯೆದ್ದು ಹುಳಿವಾಸನೆ ಬರುತ್ತದೆ. ಕುಕ್ಕರಿನಲ್ಲಿ ಬೇಳೆ ಮತ್ತು ನೀರು ಸೇರಿ ಅರ್ಧವನ್ನು ದಾಟದಿರಲಿ; ಬೇಳೆಯ ನೊರೆ ಆವಿಯ ಕಿಂಡಿಯನ್ನು ಕಟ್ಟಿಬಿಡಬಹುದು. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ.

ಮಂಗಳವಾರ ನಿಮ್ಮ ಐವರ ಮನೆಗೆ ಬೇಕಾಗುವ ಒಂದೂವರೆ ಪಾವಿನ ಬದಲು ಮೂರು ಪಾವು ಬೇಳೆಯನ್ನು ಬೇಯಿಸಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಪ್ರತಿ ಮನೆಯ ಅಳತೆ ಬೇರೆ. ನಿಮ್ಮ ಅಳತೆ ಎಷ್ಟೋ ಅದರ ಎರಡರಷ್ಟು ಬೇಯಿಸಿ. ಅರ್ಧವನ್ನು ಅಂದಿನ ಹುಳಿಗೆ ಬಳಸಿ, ಉಳಿದರ್ಧವನ್ನು ಉಪ್ಪು, ಹುಳಿ, ಒಗ್ಗರಣೆ ಯಾವುದನ್ನೂ ಸೋಕಿಸದೆ ಅಗಲವಾದ ಸ್ಟೀಲ್ ಡಬ್ಬಿಗೆ ಹಾಕಿ, ಬಿಸಿ ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಬುಧವಾರ ಅದನ್ನು ಚೆನ್ನಾಗಿ ಕುದಿಸಿ ತಿಳಿಸಾರನ್ನೋ, ನಿಂಬೆರಸ ಹಿಂಡಿದ ತೊವ್ವೆಯನ್ನೋ, ಮೆಂತ್ಯಸೊಪ್ಪು ಹಾಕಿದ ಬೇಳೆಯನ್ನೋ ಮಾಡಿದರೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಹಿಂದಿನ ದಿನದ ಹುಳಿಯನ್ನು ಬಿಸಿ ಮಾಡಿ ಬಡಿಸುವುದಕ್ಕೂ, ಬೆಂದ ಬೇಳೆಗೆ ಹೊಸ ಒಗ್ಗರಣೆ ಕೊಡುವುದಕ್ಕೂ ರುಚಿಯಲ್ಲಿ ಅಜಗಜಾಂತರವಿದೆ. ಆದರೂ ಅತ್ತೆಯವರ ಕಣ್ಣಿಗೆ ಬೆಂದ ಬೇಳೆಯೂ ತಂಗಳೆನಿಸುವುದಾದರೆ ಅವರನ್ನು ಒಪ್ಪಿಸಲು ಹೋಗಬೇಡಿ. ಬುಧವಾರವೂ ನೆನೆಸಿದ ಹೆಸರುಬೇಳೆಯನ್ನು ಬೇಯಿಸಿ. ಅದು ತೆರೆದ ಪಾತ್ರೆಯಲ್ಲಿಯೂ ಇಪ್ಪತ್ತು ನಿಮಿಷದೊಳಗೆ ಬೇಯುತ್ತದೆ.

ತಂಗಳಿನ ವಿಷಯದಲ್ಲಿ, ಅದರಲ್ಲೂ ಅನ್ನದ ಮಟ್ಟಿಗೆ, ನಾನು ಅವರ ಪಕ್ಷವೇ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳಿರುತ್ತವೆ. ಅವು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಅವು ಮೊಳೆತು ಬೆಳೆದು ಒಂದು ಬಗೆಯ ವಿಷವನ್ನುಂಟುಮಾಡುತ್ತವೆ, ಮತ್ತು ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆ ಕುಕ್ಕರಿನಲ್ಲಿ ಅನ್ನ, ಬೇಳೆ ಇಟ್ಟು, ಮುಚ್ಚಳ ತೆಗೆಯದೆ ಹಾಗೆಯೇ ರಾತ್ರಿಯವರೆಗೆ ಒಲೆಯ ಮೇಲೆ ಬಿಡುವ ರೂಢಿ ದುಡಿಯುವ ಅನೇಕ ಮನೆಗಳಲ್ಲಿದೆ. ಮುಚ್ಚಳ ಮುಚ್ಚಿದೆಯಲ್ಲ ಎಂಬ ಧೈರ್ಯ ಸಲ್ಲದು, ದಯವಿಟ್ಟು ಹಾಗೆ ಮಾಡಬೇಡಿ. ಮಿಕ್ಕ ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ 5 ಡಿಗ್ರಿಗಿಂತ ತಣ್ಣಗಿರುವ ಫ್ರಿಜ್ಜಿಗೆ ಸೇರಿಸಿ ಮರುದಿನವೇ ಮುಗಿಸುವುದಾದರೆ ಚಿಂತೆಯಿಲ್ಲ. ಆದರೆ ನಿಮಗೆ ಅನ್ನವನ್ನು ಕೂಡಿಡುವ ಅಗತ್ಯವೇ ಇಲ್ಲ. ನಿಮ್ಮ ಗಮನವನ್ನು ಬೇಡದೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ತನ್ನ ಪಾಡಿಗೆ ತಾನು ಆಗುವ ಕೆಲಸವೆಂದರೆ ಅನ್ನವೇ. ಅದನ್ನು ಮನೆಗೆ ಬಂದ ತಕ್ಷಣ, ಬಟ್ಟೆ ಬದಲಿಸುವ ಮುನ್ನವೇ, ಕೈಕಾಲು ತೊಳೆದು ಒಲೆಗೇರಿಸಿಬಿಡಿ. ಹೊತ್ತು ಹಿಡಿಯುವ, ಆದರೆ ನಮ್ಮನ್ನು ಎದುರಿಗೆ ನಿಲ್ಲಿಸಿಕೊಳ್ಳದ ಕೆಲಸ ಮೊದಲು ಶುರುವಾಗಬೇಕು. ತರಕಾರಿಯನ್ನು ಹೆಚ್ಚಿ ಮುಗಿಸಿ ಆಮೇಲೆ ಅಕ್ಕಿ ತೊಳೆಯುವವರು ದಿನವೂ ಇಪ್ಪತ್ತು ನಿಮಿಷ ಕಳೆದುಕೊಳ್ಳುತ್ತಾರೆ.

ದಣಿದು ಬಂದವರ ಅಡುಗೆ ಎಂಬುದು ನಗರದ ಉದ್ಯೋಗಸ್ಥರು ಕಂಡುಕೊಂಡದ್ದಲ್ಲ. ಹೊಲದಿಂದ ಕತ್ತಲಾದ ಮೇಲೆ ಬರುತ್ತಿದ್ದ ಹೆಣ್ಣುಮಕ್ಕಳು ಈ ಪ್ರಶ್ನೆಯನ್ನು ನಮಗಿಂತ ಮುಂಚೆಯೇ ಬಿಡಿಸಿದ್ದಾರೆ. ಹಳೇ ಮೈಸೂರು ಭಾಗದ ಬಸ್ಸಾರನ್ನು ನೋಡಿ: ಕಾಳು, ಸೊಪ್ಪನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ನೀರು ಬಸಿದರೆ, ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ, ಒಂದು ಬೇಯಿಸುವಿಕೆಗೆ ಎರಡು ಅಡುಗೆ. ಉತ್ತರ ಕರ್ನಾಟಕದಲ್ಲಿ ವಾರಗಟ್ಟಲೆ ಇಟ್ಟರೂ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಮತ್ತು ಮೊಸರು ಸದಾ ಸಿದ್ಧವಿರುತ್ತವೆ. ಕಡಲೆಹಿಟ್ಟಿನ ಝುಣಕವೊಂದನ್ನು ಹದಿನೈದು ನಿಮಿಷದಲ್ಲಿ ಬಿಸಿಯಾಗಿ ಮಾಡಿಕೊಂಡರೆ ಊಟ ತುಂಬುತ್ತದೆ. ಖಡಕ್ ರೊಟ್ಟಿ ಈಗ ಬೆಂಗಳೂರಿನ ಅಂಗಡಿಗಳಲ್ಲಿಯೂ ಸಿಗುವುದರಿಂದ ಒಂದು ಕಟ್ಟು ಮನೆಯಲ್ಲಿರಲಿ. ಕರಾವಳಿ ಮತ್ತು ಮಲೆನಾಡಿನ ತಂಬುಳಿಗೆ ಒಲೆಯ ಕೆಲಸ ಇಲ್ಲವೆಂದೇ ಹೇಳಬಹುದು: ಕುಂಡದಲ್ಲಿ ಬೆಳೆದ ನಾಲ್ಕೈದು ದೊಡ್ಡಪತ್ರೆ ಎಲೆಗಳನ್ನು ಜೀರಿಗೆ, ಮೆಣಸಿನೊಂದಿಗೆ ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದರಾಯಿತು.

ಒಂದು ಸೋಮವಾರವನ್ನು ನಿಮಗಾಗಿ ಪೂರ್ತಿಯಾಗಿ ಬಿಡಿಸಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಹೆಸರುಕಾಳನ್ನು ನೆನೆಸಿ, ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಸೋಮವಾರ ಬೆಳಿಗ್ಗೆ ಪುಟ್ಟ ಮೊಳಕೆ ಬಂದಿರುತ್ತದೆ, ಅದನ್ನು ಫ್ರಿಜ್ಜಿಗೆ ಸೇರಿಸಿ ಹೊರಡಿ. ದಂಟಿನ ಸೊಪ್ಪನ್ನು ಭಾನುವಾರವೇ ಬಿಡಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿಟ್ಟಿರಿ. ತೊಳೆದಿಟ್ಟ ಸೊಪ್ಪು ಎರಡು ದಿನಕ್ಕೆ ಕೊಳೆಯುತ್ತದೆ. ಏಳೂವರೆಗೆ ಬಂದವರು ಮೊದಲು ಅಕ್ಕಿಯನ್ನು ಕುಕ್ಕರಿಗೂ, ಮೊಳಕೆಕಾಳನ್ನು ಇನ್ನೊಂದು ಒಲೆಯಲ್ಲಿ ಕುದಿಯುವ ನೀರಿಗೂ ಹಾಕಿ. ಕಾಳು ಹನ್ನೆರಡು ನಿಮಿಷ ಬೇಯುವಷ್ಟರಲ್ಲಿ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು ಹೆಚ್ಚಿ, ಅದನ್ನೂ ಸೇರಿಸಿ ಇನ್ನು ಐದಾರು ನಿಮಿಷ ಬಿಡಿ. ಈ ಹೊತ್ತಿನಲ್ಲಿ ತೆಂಗಿನತುರಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಸಾರಿನ ಪುಡಿ, ಹುಣಸೆರಸ ಮತ್ತು ಬೆಂದ ಕಾಳುಸೊಪ್ಪಿನದೇ ಒಂದು ಸೌಟನ್ನು ರುಬ್ಬಿಕೊಳ್ಳಿ. ಬಸಿದ ಕಟ್ಟಿಗೆ ಇದನ್ನು ಹಾಕಿ ಕುದಿಯಲು ಬಿಟ್ಟು, ಪಕ್ಕದ ಬಾಣಲೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆಗೆ ಕಾಳುಸೊಪ್ಪನ್ನು ಸುರಿದು ಮೇಲೆ ಕಾಯಿತುರಿ ಉದುರಿಸಿದರೆ, ಎಂಟೂಕಾಲಿಗೆ ತಟ್ಟೆ ಹಾಕಬಹುದು. ಜೊತೆಗೆ ಮುದ್ದೆಯೂ ಬೇಕೆಂದರೆ ಒಲೆಯ ಮುಂದೆ ಇನ್ನೆರಡು ಕೈ ಬೇಕಾಗುತ್ತದೆ. ಆ ಮಾತಿಗೆ ಈಗ ಬರುತ್ತೇನೆ. ಅದಕ್ಕೂ ಮೊದಲು ಒಂದು ಸೂಚನೆ: ಮೊಳಕೆಕಾಳನ್ನು ಹಿರಿಯರಿಗೂ ಚಿಕ್ಕಮಕ್ಕಳಿಗೂ ಹಸಿಯಾಗಿ ಕೊಡಬೇಡಿ, ಬೇಯಿಸಿಯೇ ಕೊಡಿ. ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚನೆಯ ಹವೆ ಸೂಕ್ಷ್ಮಜೀವಿಗಳಿಗೂ ಹಿತವಾದದ್ದು.

ಈ ಸೋಮವಾರ ಸಾಧ್ಯವಾಗಬೇಕಾದರೆ ಬೇಕಾಗುವ ಸಾಮಗ್ರಿ ಹೆಚ್ಚೇನಲ್ಲ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಮೆಂತ್ಯ, ಕರಿಬೇವು ಹುರಿದು ಮಾಡಿದ ಸಾರಿನ ಪುಡಿ ತಿಂಗಳಿಗೊಮ್ಮೆ ಸಾಕು. ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ, ಉಪ್ಪು ಹಾಕಿ ಕುದಿಸಿ ಗಾಜಿನ ಶೀಶೆಯಲ್ಲಿ ಫ್ರಿಜ್ಜಿನೊಳಗಿಟ್ಟರೆ ಹತ್ತು ದಿನ ಚಿಂತೆಯಿಲ್ಲ. ತೆಂಗಿನಕಾಯಿಯನ್ನು ಒಮ್ಮೆಗೇ ಎರಡು ಮೂರು ತುರಿದು, ಒಂದು ದಿನಕ್ಕೆ ಬೇಕಾಗುವಷ್ಟನ್ನು ಪುಟ್ಟ ಪೊಟ್ಟಣಗಳಲ್ಲಿ ಫ್ರೀಜರಿನಲ್ಲಿಡಿ. ಭಾನುವಾರ ಇವಕ್ಕೆಲ್ಲ ಒಂದು ಗಂಟೆಗಿಂತ ಹೆಚ್ಚು ಕೊಡಬೇಡಿ.

ಇನ್ನು ಕೈಗಳ ಮಾತು. ನೀವೂ ನಿಮ್ಮ ಪತಿಯೂ ಏಳೂವರೆಗೇ ಮನೆ ಸೇರುತ್ತೀರೆಂದು ಬರೆದಿದ್ದೀರಿ, ಆದರೆ ಅಡುಗೆಯ ಮಾತು ಬಂದ ಕಡೆಯಲ್ಲೆಲ್ಲ "ನಾನು" ಎಂದೇ ಇದೆ; "ನಾನು ಏನು ಮಾಡಬೇಕು" ಎಂದೇ ಕೇಳಿದ್ದೀರಿ. ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅಂತಹ ಕೆಲಸದಲ್ಲಿ ತೊಡಗಿದ ಪುರುಷರು 97 ನಿಮಿಷಗಳನ್ನೂ ಕೊಡುತ್ತಾರೆಂದು ಕಂಡುಬಂದಿತು. ನೀವು ಎಷ್ಟೇ ಅಚ್ಚುಕಟ್ಟಾಗಿ ಯೋಜಿಸಿದರೂ ಒಬ್ಬರ ಎರಡು ಕೈಗಳಿಂದ ಮುಕ್ಕಾಲು ಗಂಟೆಯಲ್ಲಿ ಐವರ ಊಟ ಪ್ರತಿದಿನವೂ ಆಗದು. "ಸ್ವಲ್ಪ ಸಹಾಯ ಮಾಡಿ" ಎಂದು ಕೇಳುವುದರಿಂದಲೂ ಹೆಚ್ಚೇನಾಗುವುದಿಲ್ಲ, ಏಕೆಂದರೆ ಏನು, ಯಾವಾಗ, ಎಷ್ಟು ಎಂಬ ಯೋಚನೆಯ ಭಾರ ಆಗಲೂ ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ಸಂಜೆಗಳನ್ನೇ ಹಂಚಿಕೊಳ್ಳಿ: ವಾರದಲ್ಲಿ ಎರಡು ಸಂಜೆ ಅವರದು. ಆ ದಿನ ಬೆಳಿಗ್ಗೆ ಬೇಳೆ ನೆನೆಸುವುದರಿಂದ ಹಿಡಿದು ರಾತ್ರಿ ಒಲೆ ಒರೆಸುವವರೆಗೆ ಎಲ್ಲವೂ ಅವರ ಹೊಣೆ, ನೀವು ಅವರು ಹೇಳಿದ್ದನ್ನು ಮಾಡಿಕೊಡುವ ಎರಡನೇ ಕೈ. ಮೊದಲ ತಿಂಗಳು ಉಪ್ಪು ಹೆಚ್ಚಾಗಬಹುದು, ಮುದ್ದೆ ಗಂಟಾಗಬಹುದು. ಆಗ ಸೌಟು ಕಸಿದುಕೊಳ್ಳದಿರುವುದು ನಿಮ್ಮ ಪಾಲಿನ ಕೆಲಸ.

ಒಂಬತ್ತು ವರ್ಷದ ಮಗು ಬೆಳ್ಳುಳ್ಳಿ ಸುಲಿಯಬಲ್ಲದು, ತಟ್ಟೆ ಲೋಟ ಇಡಬಲ್ಲದು. ಸೊಪ್ಪು ಬಿಡಿಸಿಕೊಡುವಿರಾ ಎಂದು ಅತ್ತೆಯವರನ್ನು ಕೇಳಿ ನೋಡಿ, ಗೊತ್ತುಮಾಡಿ ಹೇಳಬೇಡಿ. ಕೂತು ಮಾಡುವ ಕೆಲಸವನ್ನು ಹಿರಿಯರು ಅನೇಕರು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ, ಆದರೆ ಅದು ಅವರ ಇಷ್ಟ.

ಅತ್ತೆಯವರ ಊಟದ ಬಗ್ಗೆ ಎರಡು ಮಾತು ಮುಖ್ಯ. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಿತಿಯಿಲ್ಲದೆ ಮುದ್ದೆ ಬಡಿಸುವ ರೂಢಿ ಸರಿಯಲ್ಲ. ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮೀರಿದ ಕ್ಯಾಲ್ಸಿಯಂ ಇದೆ, ನಾರೂ ಇದೆ, ಆದರೆ ಅದರ ಬಹುಭಾಗ ಪಿಷ್ಟವೇ. ಮುದ್ದೆ ಚಿಕ್ಕದಾಗಿರಲಿ, ಪಕ್ಕದಲ್ಲಿ ಕಾಳುಸೊಪ್ಪಿನ ಪಲ್ಯ ಅದಕ್ಕಿಂತ ಹೆಚ್ಚಿರಲಿ. ಎರಡನೆಯದಾಗಿ, ಅವರು ಸಂಜೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ, ತೆಗೆದುಕೊಂಡ ಮೇಲೆ ಊಟ ತಡವಾಗುವುದು ಅಪಾಯಕರ; ರಕ್ತದ ಸಕ್ಕರೆ ಕುಸಿಯಬಹುದು. ಯಾವ ಔಷಧಿ ಊಟಕ್ಕೆ ಎಷ್ಟು ಮೊದಲು ಎಂಬುದನ್ನು ಅವರ ವೈದ್ಯರಿಂದ ಸ್ಪಷ್ಟವಾಗಿ ಕೇಳಿಕೊಂಡು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಹೊರಗಿನ ಊಟವಲ್ಲ, ಆ ಒಂಬತ್ತೂವರೆ. ಅಡುಗೆ ತಡವಾಗುವುದು ಖಚಿತವಾದ ದಿನ ಅವರು ನಿಮಗಾಗಿ ಕಾಯದೆ ಮೊದಲು ಉಣ್ಣುವಂತೆ ಏರ್ಪಾಡಿರಲಿ.

ನಾಲ್ಕು ವರ್ಷದ ಮಗುವಿಗೆ ಏಳೂಮುಕ್ಕಾಲಿಗೇ ಹಸಿವಾಗಿರುತ್ತದೆ. ಆಗ ಬಿಸ್ಕತ್ತು ಕೊಟ್ಟರೆ ಎಂಟೂಕಾಲರ ಊಟ ಸೇರುವುದಿಲ್ಲ. ಊಟದ್ದೇ ಒಂದು ಭಾಗವನ್ನು ಮುಂಚಿತವಾಗಿ ಕೊಡಿ: ಸೌತೆಕಾಯಿಯ ಹೋಳು, ಬೆಂದ ಹೆಸರುಕಾಳಿಗೆ ಚಿಟಿಕೆ ಉಪ್ಪು, ಒಂದು ಬಟ್ಟಲು ಮೊಸರು. ಆಮೇಲೆ ಅದು ಎರಡೇ ತುತ್ತು ಅನ್ನ ಉಂಡರೂ ನೀವು ನೊಂದುಕೊಳ್ಳಬೇಕಾಗಿಲ್ಲ.

ಹೊರಗಿನಿಂದ ತರಿಸುವ ಬಗ್ಗೆ ನಿಮಗಿರುವ ಅಪರಾಧಿ ಭಾವವನ್ನು ಬಿಟ್ಟುಬಿಡಿ. ವಾರಕ್ಕೊಂದು ದಿನ ಮೊದಲೇ ಗೊತ್ತುಮಾಡಿಕೊಂಡು ತರಿಸುವುದರಲ್ಲಿ ಕೆಡುಕಿಲ್ಲ. ಉಳಿದಂತೆ, ಮಳೆಯಲ್ಲಿ ಸಿಕ್ಕಿ ಎಂಟೂವರೆಗೆ ಮನೆ ತಲುಪಿದ ದಿನಕ್ಕೆಂದೇ ಎರಡು ಅಡುಗೆಗಳನ್ನು ಕಾಯ್ದಿರಿಸಿ. ಹುರಿದಿಟ್ಟ ರವೆಯಿದ್ದರೆ ತರಕಾರಿ ಉಪ್ಪಿಟ್ಟು ಇಪ್ಪತ್ತು ನಿಮಿಷದ್ದು. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದಿಟ್ಟಿದ್ದರೆ, ಹುಣಸೆರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಬೆರೆಸಿದ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ ಒಗ್ಗರಣೆ ಕೊಟ್ಟರೆ ಗೊಜ್ಜವಲಕ್ಕಿ ಸಿದ್ಧ. ಅತ್ತೆಯವರ ಪಾಲಿಗೆ ಮಾತ್ರ ಬೆಲ್ಲ ಬಿಟ್ಟು, ಕಡಲೆಕಾಯಿ ಬೀಜ ಹೆಚ್ಚು ಹಾಕಿ, ಮೇಲೆ ಒಂದು ಬಟ್ಟಲು ಮಜ್ಜಿಗೆ ಕೊಡಿ.

ಕೊನೆಯದಾಗಿ ಎಲೆಕ್ಟ್ರಿಕ್ ಕುಕ್ಕರ್. ಹೊತ್ತು ಗೊತ್ತುಮಾಡಿಟ್ಟು ಹೋದರೆ ಅದು ತಾನಾಗಿ ನಿಲ್ಲುತ್ತದೆ, ಸೀಟಿ ಎಣಿಸಬೇಕಾಗಿಲ್ಲ. ಅಷ್ಟು ಅನುಕೂಲ ನಿಜ. ಆದರೆ ಒತ್ತಡಕ್ಕೇರಲು ಅದು ಒಲೆಯ ಮೇಲಿನ ಕುಕ್ಕರಿಗಿಂತ ಸಾಮಾನ್ಯವಾಗಿ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಮತ್ತು ಬೆಳಿಗ್ಗೆಯೇ ಬೇಳೆ, ನೀರು ತುಂಬಿ ಸಂಜೆ ತಾನಾಗಿ ಶುರುವಾಗುವಂತೆ ಇಟ್ಟು ಹೋಗುವುದು ನಮ್ಮ ಹವೆಗೆ ಹೇಳಿದ್ದಲ್ಲ. ಆ ಹಣದ ಒಂದು ಪಾಲಿನಲ್ಲಿ ಮೂರು ಲೀಟರಿನ ಇನ್ನೊಂದು ಸಣ್ಣ ಕುಕ್ಕರನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಐದು ಲೀಟರಿನ ಪಾತ್ರೆಯಲ್ಲಿ ಸ್ವಲ್ಪ ಬೇಳೆ ಇಟ್ಟು ಅದು ಕಾಯುವುದನ್ನು ನೋಡುತ್ತ ನಿಲ್ಲುವ ಬದಲು, ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆ ಒಟ್ಟಿಗೇ ಆಗುತ್ತವೆ. ಕೊಳ್ಳುವಾಗಲೇ ಒಂದು ಹೆಚ್ಚುವರಿ ಗ್ಯಾಸ್ಕೆಟ್ಟನ್ನೂ ಒಂದು ಸೇಫ್ಟಿ ವಾಲ್ವನ್ನೂ ತಂದಿಟ್ಟುಕೊಳ್ಳಿ. ಅವು ಕೆಟ್ಟಾಗ ಅಂಗಡಿ ಮುಚ್ಚಿರುತ್ತದೆ, ಬೇಳೆ ಒಲೆಯ ಮೇಲಿರುತ್ತದೆ.